ರಿಜಿಸ್ಟರ್ ಅಂದ್ರೆ ವೇರಿಯೆಬಲ್ ಅಲ್ಲ ಸ್ವಾಮೀ!

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಕೆಲಸದ ಗಡಿಬಿಡಿ ಅಂತ ನೆಪ ಹೇಳಬಹುದು, ಆದ್ರೆ ನಿಜವಾದ ಕಾರಣ ಸೋಮಾರಿತನ :) ಇವತ್ತು ಮಾತ್ರ ಬರೆಯದೆ ಮಲಗಿದ್ರೆ ನಿದ್ದೆ ಬರೋದಿಲ್ಲ.

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಜಗಳ ಆಯ್ತು. ವಿಷಯ ಏನಪ್ಪಾ ಅಂದ್ರೆ, ಮೈಕ್ರೋಕಂಟ್ರೋಲರಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಾಗ ಹಾರ್ಡ್‌ವೇರ್ ರಿಜಿಸ್ಟರುಗಳನ್ನು ನೇರವಾಗಿ ಮುಟ್ಟಬೇಕೋ, ಇಲ್ಲಾ ಚಿಪ್ ಕಂಪನಿ ಕೊಡುವ ಲೈಬ್ರರಿಯ ಮೂಲಕವೇ ಹೋಗಬೇಕೋ ಅನ್ನೋದು. ಒಂದು ಕಡೆ "ರಿಜಿಸ್ಟರ್ ಗಿಜಿಸ್ಟರ್ ಎಲ್ಲಾ ಅಜ್ಜನ ಕಾಲದ್ದು ಗುರು, ಲೈಬ್ರರಿ ಇದೆ, ಕರೆದ್ರೆ ಆಯ್ತು" ಅನ್ನೋರು. ಇನ್ನೊಂದು ಕಡೆ "ಲೈಬ್ರರಿ ಬಳಸೋನು ಎಂಜಿನಿಯರೇ ಅಲ್ಲ" ಅಂತ ಮೀಸೆ ತಿರುವೋರು. ನಾನು ಪಾಡಿಗೆ ನಾನು ಮೊಸರನ್ನ ಕಲಸ್ತಾ ಕೂತಿದ್ದೆ. "ನೀನೇನಂತೀಯೋ?" ಅಂತ ಕೇಳಿದ್ರು. "ಇಬ್ಬರದೂ ತಪ್ಪು" ಅಂದೆ. ಅಷ್ಟೇ, ಅಲ್ಲಿವರೆಗೂ ಪರಸ್ಪರ ಕಚ್ಚಾಡುತ್ತಿದ್ದ ಎರಡೂ ಪಕ್ಷಗಳು ಒಂದಾಗಿ ನನ್ನ ಮೇಲೆ ಬಿದ್ದವು. ಅಲ್ಲಿ ಹೇಳೋಕೆ ಬಿಡದೇ ಇದ್ದದ್ದನ್ನು ಇಲ್ಲಿ ಹೇಳ್ತಿದೀನಿ. ಇಲ್ಲಿ ಮಧ್ಯದಲ್ಲಿ ಬಾಯಿ ಹಾಕೋರು ಯಾರೂ ಇಲ್ಲವಲ್ಲ!

ಕವನ, ಪ್ರಬಂಧ, ಪ್ರವಾಸ ಕಥನ ಬರೆಯುವ ಗೆಳೆಯರೇ, ದಯವಿಟ್ಟು ಇಲ್ಲೇ ಓಡಿಹೋಗಬೇಡಿ. ಇದು ನಿಮಗೂ ಸಂಬಂಧಪಟ್ಟ ವಿಷಯ. ನಿಮ್ಮ ಮನೆಯ ಕರೆಂಟ್ ಮೀಟರು, ವಾಷಿಂಗ್ ಮಷೀನು, ಯುಪಿಎಸ್ಸು, ಆಟೋದ ಮೀಟರು, ಎಲ್ಲದರೊಳಗೂ ಉಗುರಿನಷ್ಟು ಅಗಲದ ಒಂದು ಚಿಪ್ ಕೂತಿರುತ್ತೆ. ನಿಮ್ಮ ದುಡ್ಡಿನ ಲೆಕ್ಕ ಹಾಕುವುದು ಅದೇ. ಅದಕ್ಕೆ ಲೆಕ್ಕ ಹೇಳಿಕೊಡುವವರು ನಮ್ಮಂಥವರು. ನಾವು ಹೇಗೆ ಹೇಳಿಕೊಡ್ತೀವಿ ಅನ್ನೋದು ನಿಮಗೆ ಗೊತ್ತಿರಬೇಕು.

ಮೊದಲು ರಿಜಿಸ್ಟರ್ ಅಂದ್ರೆ ಏನು ಅಂತ ನೋಡೋಣ. ಚಿಪ್ಪಿನೊಳಗೆ ಪ್ರೊಸೆಸರ್ ಒಂದೇ ಇರೋದಿಲ್ಲ. ಕಾಲ ಎಣಿಸುವ ಟೈಮರ್, ಹೊರಗಿನ ಪಿನ್ನುಗಳನ್ನು ಎಳೆದಾಡುವ ಪೋರ್ಟ್, ಮಾತಾಡುವ ಸೀರಿಯಲ್ ಪೋರ್ಟ್ ಎಲ್ಲಾ ಇರುತ್ತವೆ. ಪ್ರೊಸೆಸರ್ ಇವುಗಳ ಜೊತೆ ಮಾತಾಡಬೇಕಾದರೆ ಒಂದೊಂದಕ್ಕೂ ಒಂದಷ್ಟು ವಿಳಾಸ ಕೊಟ್ಟಿರುತ್ತಾರೆ, ಬೀದಿಯ ಮನೆಗಳಿಗೆ ನಂಬರ್ ಕೊಟ್ಟ ಹಾಗೆ. ಆ ವಿಳಾಸಕ್ಕೆ ಒಂದು ಸಂಖ್ಯೆ ಬರೆದರೆ ಎಲ್ಲೋ ಒಂದು ಎಲ್ಇಡಿ ಹತ್ತುತ್ತೆ, ಮೋಟರ್ ತಿರುಗುತ್ತೆ. ಆ ವಿಳಾಸದಿಂದ ಓದಿದರೆ ಹೊರಗೆ ಸ್ವಿಚ್ ಒತ್ತಿದೆಯೋ ಇಲ್ಲವೋ ಗೊತ್ತಾಗುತ್ತೆ. ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ಪಿನಲ್ಲಿ ಹೆಕ್ಸ್ ಲೆಕ್ಕದ 25ನೇ ವಿಳಾಸ ಅಂದ್ರೆ ಪೋರ್ಟ್ ಬಿ. ಅದರ 5ನೇ ಬಿಟ್ಟಿಗೆ ಒಂದು ಬರೆದರೆ ಬೋರ್ಡಿನ 13ನೇ ಪಿನ್ನಿನ ದೀಪ ಹತ್ತುತ್ತೆ.

ಈ ಉಪಾಯ ಹೊಸದೇನಲ್ಲ. 1970ರಲ್ಲಿ ಬಂದ ಪಿಡಿಪಿ-11 ಅನ್ನೋ ಕಂಪ್ಯೂಟರಿನಲ್ಲೂ ಹೀಗೇ ಇತ್ತು. ಸಾಧನಗಳ ಜೊತೆ ಮಾತಾಡೋಕೆ ಬೇರೆ ಆದೇಶಗಳೇ ಇರಲಿಲ್ಲ, ಅವೂ ಮೆಮೊರಿಯ ವಿಳಾಸಗಳೇ. ಬೆಲ್ ಲ್ಯಾಬ್ಸಿನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು 1972ರ ಸುಮಾರಿಗೆ ಬೆಳೆಸಿದ್ದು ಅಂಥ ಯಂತ್ರದ ಮೇಲೆಯೇ. ಹಾಗಾಗಿ ಸಿ ಭಾಷೆಯಲ್ಲಿ ಪಾಯಿಂಟರ್ ಒಂದನ್ನು ಆ ವಿಳಾಸಕ್ಕೆ ಗುರಿಯಿಟ್ಟು ಬರೆದರೆ ಹಾರ್ಡ್‌ವೇರನ್ನೇ ಮುಟ್ಟಿದ ಹಾಗೆ. ಇದು ಸಿ ಭಾಷೆಯ ಸೊಗಸು. ನನ್ನ ದೃಷ್ಟಿಯಲ್ಲಿ ಅದರ ಅತಿ ದೊಡ್ಡ ಮೋಸವೂ ಇದೇ.

ಯಾಕೆ ಮೋಸ? ಬರೆಯುವ ರೀತಿ ನೋಡಿದ್ರೆ ರಿಜಿಸ್ಟರ್ ಕೂಡ ಒಂದು ಮಾಮೂಲಿ ವೇರಿಯೆಬಲ್ ಥರಾನೇ ಕಾಣುತ್ತೆ. ವೇರಿಯೆಬಲ್ ಅಂದ್ರೆ ಅಡುಗೆ ಮನೆಯ ಡಬ್ಬಿ. ಬೇಳೆ ಹಾಕಿಟ್ಟರೆ ಬೇಳೆಯೇ ಸಿಗುತ್ತೆ, ನೀವು ಮುಟ್ಟದೆ ಅದು ಬದಲಾಗಲ್ಲ. ರಿಜಿಸ್ಟರ್ ಡಬ್ಬಿ ಅಲ್ಲ. ಕೆಲವು ರಿಜಿಸ್ಟರುಗಳು ಓದಿದ ಮಾತ್ರಕ್ಕೇ ಖಾಲಿಯಾಗುತ್ತವೆ. ಕೆಲವಕ್ಕೆ ಬರೆದದ್ದು ಒಂದು, ವಾಪಸ್ ಓದಿದಾಗ ಸಿಗೋದು ಇನ್ನೊಂದು. ಕೆಲವು ನೀವು ನೋಡ್ತಿರೋ ಹಾಗೇ ತಾವಾಗಿ ಬದಲಾಗುತ್ತವೆ. ಇನ್ನು ಕೆಲವಕ್ಕೆ ಒಂದು ಬರೆದರೆ ಅಲ್ಲಿ ಸೊನ್ನೆ ಆಗುತ್ತೆ! ಹೌದು, ಸರಿಯಾಗೇ ಓದಿದ್ರಿ. ಒಂದು ಬರೆಯೋದೇ ಅಳಿಸೋ ವಿಧಾನ. ಈ ಕೊನೇದನ್ನ ನೆನಪಿಟ್ಟುಕೊಳ್ಳಿ, ಕಥೆ ಇರೋದೇ ಅಲ್ಲಿ.

*

ಕಥೆ ನನ್ನದೇ. ತಪ್ಪೂ ನನ್ನದೇ. ಹಾಗಾಗಿ ಯಾರ ಹೆಸರೂ ಬೇಡ.

2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರಬೇಕು. ಬೋರುಗಳು ಬತ್ತಿ, ಟ್ಯಾಂಕರಿಗೆ ಕಾದು ಕಾದು ಜನ ಹೈರಾಣಾಗಿದ್ರು. ಆಗ ನಾನಿದ್ದದ್ದು ಒಂದು ಪುಟ್ಟ ಕಂಪನಿಯಲ್ಲಿ. ಅಪಾರ್ಟ್‌ಮೆಂಟುಗಳಿಗೆ ನೀರಿನ ಮೀಟರ್ ಮಾಡಿಕೊಡ್ತಿದ್ವಿ. ಒಂದೊಂದು ಮನೆಗೂ ಎರಡು ಪೈಪು: ಒಂದು ಅಡುಗೆ ಮನೆಗೆ, ಇನ್ನೊಂದು ಬಚ್ಚಲಿಗೆ. ಎರಡಕ್ಕೂ ಒಂದೊಂದು ಸೆನ್ಸರು. ನೀರು ಹರಿದಾಗ ಒಳಗಿನ ಪುಟ್ಟ ಚಕ್ರ ತಿರುಗಿ ಲೀಟರಿಗೆ 450 ಪಲ್ಸ್ ಕೊಡುತ್ತೆ. ಪಲ್ಸ್ ಎಣಿಸಿದ್ರೆ ಲೀಟರ್ ಸಿಕ್ತು, ಇಷ್ಟೇ ಕೆಲಸ. ಚಿಪ್ಪು ಎಸ್‌ಟಿಎಂ32ಎಫ್103. ಎರಡು ಸೆನ್ಸರುಗಳನ್ನು 6 ಮತ್ತು 7ನೇ ಇಂಟರಪ್ಟ್ ಲೈನಿಗೆ ಕಟ್ಟಿದ್ವಿ. ಈ ಚಿಪ್ಪಿನಲ್ಲಿ 5ರಿಂದ 9ರವರೆಗಿನ ಲೈನುಗಳಿಗೆಲ್ಲಾ ಸೇರಿ ಒಂದೇ ಇಂಟರಪ್ಟ್ ಫಂಕ್ಷನ್ನು. ಯಾವ ಲೈನ್ ಕೂಗಿತು ಅಂತ ಪೆಂಡಿಂಗ್ ರಿಜಿಸ್ಟರ್ ನೋಡಿ ನಾವೇ ಕಂಡುಕೊಳ್ಳಬೇಕು.

ಆ ಕೋಡ್ ಬರೆದವನು ನಾನು. ಲೈಬ್ರರಿ ಬಿಟ್ಟು ರಿಜಿಸ್ಟರುಗಳನ್ನು ನೇರ ಮುಟ್ಟಿ ಬರೆದಿದ್ದೆ. ಬರೆದು ಮುಗಿಸಿ, "ನೋಡ್ರೋ, ಎಷ್ಟು ಚಿಕ್ಕದಾಗಿದೆ" ಅಂತ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದೆ ಬೇರೆ! ಮೀಸೆ ತಿರುವುವ ಪಕ್ಷದಲ್ಲಿ ನಾನೂ ಇದ್ದವನೇ.

ಮೀಟರ್ ಹಾಕಿದ ಒಂದು ಅಪಾರ್ಟ್‌ಮೆಂಟಿನಲ್ಲಿ 96 ಮನೆ. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಹಳೇ ಕಾಲದ ದೊಡ್ಡ ಮೀಟರ್ ಮೊದಲೇ ಇತ್ತು. ಅದು ದಿನಕ್ಕೆ ಸುಮಾರು 48,000 ಲೀಟರ್ ಅನ್ನುತ್ತೆ. ನಮ್ಮ 96 ಮೀಟರುಗಳನ್ನು ಕೂಡಿದರೆ 46,000. ದಿನಾ 2,000 ಲೀಟರ್ ಮಾಯ. ಮೂರು ದಿನಕ್ಕೆ ಒಂದು 6,000 ಲೀಟರಿನ ಟ್ಯಾಂಕರ್! ಆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಅಂದ್ರೆ ಏನು ಅಂತ ನಿಮಗೇ ಗೊತ್ತು. ಪೈಪೆಲ್ಲಾ ನೋಡಿದ್ರು, ಸೋರಿಕೆ ಇಲ್ಲ. ಹಾಗಾದ್ರೆ ನೀರು ಹೋಗಿದ್ದೆಲ್ಲಿಗೆ?

ಅಲ್ಲಿ ಪಂಪ್ ಆನ್ ಆಫ್ ಮಾಡೋಕೆ, ಟ್ಯಾಂಕರ್ ಇಳಿಸಿಕೊಳ್ಳೋಕೆ ಒಬ್ಬರಿದ್ರು. ಯಾದಗಿರಿ ಕಡೆಯವರು. ಹೆಂಡತಿ ಮಕ್ಕಳ ಜೊತೆ ನೆಲಮಾಳಿಗೆಯ ಒಂದು ಕೋಣೆಯಲ್ಲಿ ವಾಸ. ಪಕ್ಕದಲ್ಲೇ ಒಂದು ಕಟ್ಟಡ ಏಳ್ತಿತ್ತು. ಎಲ್ಲರೂ ಕೂಡಿಸಿ ಗುಣಿಸಿ ತೀರ್ಮಾನಕ್ಕೆ ಬಂದ್ರು: "ಇವನೇ ರಾತ್ರಿ ಪಕ್ಕದ ಸೈಟಿಗೆ ನೀರು ಬಿಡ್ತಾನೆ." ಯಾಕಂದ್ರೆ ಮೀಟರ್ ಸುಳ್ಳು ಹೇಳಲ್ಲ. ಮೀಟರ್ ಕಂಪ್ಯೂಟರು ಕಣ್ರೀ, ಅದಕ್ಕೇನು ಆಸೆನಾ ದುರಾಸೆನಾ? ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು ಅಂತ ಹೇಳಿದ್ದೂ ಆಯ್ತು.

ಕೊನೇ ಸಲ ಮೀಟರ್ ಚೆಕ್ ಮಾಡಿಬಿಡಿ ಅಂತ ನನ್ನನ್ನು ಕಳಿಸಿದ್ರು. ಖಾಲಿ ಇದ್ದ ಒಂದು ಮನೆಯಲ್ಲಿ 20 ಲೀಟರಿನ ಕ್ಯಾನ್ ಇಟ್ಟು ಅಡುಗೆ ಮನೆ ನಲ್ಲಿ ಬಿಟ್ಟೆ. 20 ಲೀಟರ್ ಅಂತ ತೋರಿಸ್ತು. ಬಚ್ಚಲ ನಲ್ಲಿ ಬಿಟ್ಟೆ. ಅದೂ 20. ಲ್ಯಾಬಿನಲ್ಲಿ ನಾವು ಮಾಡಿದ್ದೂ ಇದೇ ಪರೀಕ್ಷೆ. "ಮೀಟರ್ ಸರಿ ಇದೆ" ಅಂತ ಬರೆದುಕೊಡೋಕೆ ಪೆನ್ನು ತೆಗೆದಿದ್ದೆ. ಕ್ಯಾನ್ ಎತ್ತಿಕೊಡ್ತಿದ್ದವರು ಅವರೇ.

"ಸರ, ನಾ ಒಂದ್ ಕೊಡ ನೀರ್ ಸುದ್ದಾ ಮುಟ್ಟಿಲ್ರಿ. ಕದ್ರ ಎಲ್ಲಿ ಇಡ್ಲಿ ಹೇಳ್ರಿ?" ಅಂದ್ರು. ನಾನೇನು ಹೇಳಲಿ? ನೆಲ ನೋಡಿದೆ. ಅವರೇ ಮುಂದುವರಿಸಿದ್ರು: "ಮುಂಜಾನಿ ಹೊತ್ನ್ಯಾಗ ಮನಿಯಾಗ ಯಾರ್ ಒಂದ ನಳ ಬಿಡ್ತಾರ್ರಿ? ಎರಡೂ ಕೂಡೇ ಬಿಟ್ಟ ನೋಡ್ರಿ ಒಮ್ಮಿ."

ಬಿಟ್ಟೆವು. ಎರಡು ಕ್ಯಾನ್, ಎರಡು ನಲ್ಲಿ, ಒಟ್ಟಿಗೆ. 40 ಲೀಟರ್ ತುಂಬಿತು. ಮೀಟರ್ ತೋರಿಸಿದ್ದು 37.

*

ಆ ರಾತ್ರಿ ಕೋಡ್ ಮುಂದೆ ಕೂತೆ. ತಪ್ಪು ಇದ್ದದ್ದು ಒಂದೇ ಸಾಲಿನಲ್ಲಿ. ನಾನು ಬರೆದಿದ್ದು:

ಪಿಆರ್ |= 6ನೇ ಬಿಟ್

ಬರೆಯಬೇಕಾಗಿದ್ದು:

ಪಿಆರ್ = 6ನೇ ಬಿಟ್

ವ್ಯತ್ಯಾಸ ಒಂದು ಗೀಟು. ಅಷ್ಟೇ.

ಪಿಆರ್ ಅಂದ್ರೆ ಆ ಪೆಂಡಿಂಗ್ ರಿಜಿಸ್ಟರ್. ವಿಳಾಸ ಹೆಕ್ಸಿನಲ್ಲಿ 40010414. ಯಾವ ಲೈನಿನಲ್ಲಿ ಪಲ್ಸ್ ಬಂತೋ ಆ ಬಿಟ್ಟು ಒಂದಾಗುತ್ತೆ. "ನೋಡಿದೆ" ಅಂತ ಹೇಳಬೇಕಾದರೆ ಅದೇ ಬಿಟ್ಟಿಗೆ ಒಂದು ಬರೆಯಬೇಕು, ಆಗ ಅದು ಸೊನ್ನೆಯಾಗುತ್ತೆ. ಸೊನ್ನೆ ಬರೆದ ಬಿಟ್ಟುಗಳಿಗೆ ಏನೂ ಆಗಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೊರಿಯರ್ ಪುಸ್ತಕ ಇರುತ್ತಲ್ಲ, ಹಾಗೆ ಅಂದುಕೊಳ್ಳಿ. ಯಾರಿಗೆ ಪಾರ್ಸೆಲ್ ಬಂದಿದೆಯೋ ಆ ಮನೆ ನಂಬರಿನ ಮುಂದೆ ಒಂದು ಟಿಕ್. ನೀವು ಒಂದು ಚೀಟಿಯಲ್ಲಿ ನಿಮ್ಮ ನಂಬರಿನ ಮುಂದೆ ಟಿಕ್ ಹಾಕಿ ಕೊಟ್ಟರೆ "ತಲುಪಿತು" ಅಂತ ಅರ್ಥ. ನಾನು ಮಾಡಿದ್ದೇನು? ಗೇಟಿನ ಪುಸ್ತಕವನ್ನೇ ಹಾಗೇ ನಕಲು ಮಾಡಿ, ಅದಕ್ಕೆ ನನ್ನ ಟಿಕ್ ಸೇರಿಸಿ ವಾಪಸ್ ಕೊಟ್ಟೆ. ಅದರಲ್ಲಿ ಪಕ್ಕದ ಮನೆಯವರ ಟಿಕ್ ಕೂಡ ಇತ್ತು. ಅವರ ಪಾರ್ಸೆಲ್ಲಿಗೂ ನಾನೇ "ತಲುಪಿತು" ಅಂದ ಹಾಗಾಯ್ತು. ಅವರಿಗೆ ಪಾರ್ಸೆಲ್ ಬಂದಿತ್ತು ಅನ್ನೋದೇ ಗೊತ್ತಾಗಲಿಲ್ಲ.

ಆ ಗೀಟು ಮಾಡೋದು ಇದನ್ನೇ. ಮೊದಲು ರಿಜಿಸ್ಟರ್ ಓದು, ಅದಕ್ಕೆ ನನ್ನ ಬಿಟ್ ಸೇರಿಸು, ವಾಪಸ್ ಬರೆ. ವೇರಿಯೆಬಲ್ ಆಗಿದ್ರೆ ಇದು ಸರಿಯಾದ, ಸಭ್ಯ ನಡವಳಿಕೆ: "ಉಳಿದ ಬಿಟ್ಟುಗಳನ್ನು ಮುಟ್ಟಬೇಡ" ಅಂತ. ಈ ರಿಜಿಸ್ಟರಿನಲ್ಲಿ ಅದೇ ಅನರ್ಥ.

ಸಾಲದ್ದಕ್ಕೆ ಇನ್ನೊಂದು ಪಾಪ ಮಾಡಿದ್ದೆ. ಸಿಗ್ನಲ್ ಅದುರಾಟ ತಪ್ಪಿಸೋಕೆ ಇಂಟರಪ್ಟ್ ಫಂಕ್ಷನ್ನಿನೊಳಗೇ ಒಂದು ಮಿಲಿಸೆಕೆಂಡ್ ಕಾಯುತ್ತಿದ್ದೆ. ಕಾದಾದ ಮೇಲೆ ಎಣಿಸಿ, ಆಮೇಲೆ ಆ ಸಾಲು. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 10 ಲೀಟರ್ ಹರಿದರೆ 4,500 ಪಲ್ಸ್, ಅಂದ್ರೆ ಸೆಕೆಂಡಿಗೆ 75. ಒಂದೊಂದಕ್ಕೂ ಒಂದು ಮಿಲಿಸೆಕೆಂಡ್ ಅಂದ್ರೆ ಸೆಕೆಂಡಿನಲ್ಲಿ 75 ಮಿಲಿಸೆಕೆಂಡ್ ಕಾಲ ಇನ್ನೊಂದು ಸೆನ್ಸರಿಗೆ ನಾನು ಕುರುಡ. ನೂರಕ್ಕೆ ಏಳೂವರೆ. 40 ಲೀಟರಿಗೆ ಮೂರು ಲೀಟರ್. ಕ್ಯಾನಿನ ಲೆಕ್ಕಕ್ಕೆ ಸರಿಯಾಗಿ ಕೂತಿತು. ದಿನದಲ್ಲಿ ಸುಮಾರು ಅರ್ಧ ನೀರು ಎರಡೂ ನಲ್ಲಿ ಒಟ್ಟಿಗೆ ತೆರೆದಿರುವಾಗ ಹರಿಯುತ್ತೆ ಅಂದುಕೊಂಡರೆ ನೂರಕ್ಕೆ ನಾಲ್ಕರ ಹತ್ತಿರ. ಆ 2,000 ಲೀಟರಿನ ಕಳ್ಳ ಸಿಕ್ಕಿಬಿದ್ದ. ಅವನು ಆರ್ಮ್‌ಚೇರಿನಲ್ಲಿ ಕೂತು ಕಾಫಿ ಕುಡೀತಿದ್ದ.

ಚಿಪ್ಪಿನ ಮ್ಯಾನ್ಯುಯಲ್ಲಿನಲ್ಲಿ ಇದೆಲ್ಲಾ ಇರಲಿಲ್ಲವೇ? ಇತ್ತು! ಸಾವಿರದ ನೂರು ಪುಟ ದಾಟುವ ಆ ಪುಸ್ತಕದಲ್ಲಿ, ಆ ರಿಜಿಸ್ಟರಿನ ಚಿತ್ರದ ಕೆಳಗೆ, ಪ್ರತಿ ಬಿಟ್ಟಿನ ಅಡಿಯಲ್ಲೂ ಪುಟ್ಟ ಅಕ್ಷರದಲ್ಲಿ "ಆರ್‌ಸಿ ಡಬ್ಲ್ಯೂ1" ಅಂತ ಬರೆದಿದ್ದಾರೆ. ಓದಬಹುದು, ಒಂದು ಬರೆದು ಅಳಿಸಬಹುದು ಅಂತ ಅರ್ಥ. ನಾನು ಓದಿರಲಿಲ್ಲ. ಎಲ್ಲೋ ಒಂದು ಕಡೆ ಕಂಡ ಕೋಡನ್ನು ಎತ್ತಿ ಹಾಕಿದ್ದೆ. ಅಲ್ಲಿ ಒಂದೇ ಸೆನ್ಸರ್ ಇತ್ತು, ಹಾಗಾಗಿ ಕೆಲಸ ಮಾಡ್ತಿತ್ತು.

ಗೀಟು ಅಳಿಸಿದೆ. ಕಾಯುವುದನ್ನು ಇಂಟರಪ್ಟಿನಿಂದ ಹೊರಗೆ ಹಾಕಿದೆ. ಕಂಪನಿಯವರು ಅದನ್ನು "ಮೀಟರಿನ ನಿಖರತೆಯಲ್ಲಿ ಸುಧಾರಣೆ" ಅಂತ ಪತ್ರ ಬರೆದು ಕಳಿಸಿದ್ರು. ಸುಧಾರಣೆಯಂತೆ! ನಾನೇ ಹೋಗಿ ಅಲ್ಲಿನ ಸೆಕ್ರೆಟರಿಗೆ ಇರೋ ವಿಷಯ ಹೇಳಿದೆ. ಅವರು "ಓ ಹಾಗಾ, ಸರಿ ಬಿಡಿ" ಅಂದ್ರು. ಕೋಣೆ ಖಾಲಿ ಮಾಡೋ ಮಾತು ನಿಂತಿತು. ಕ್ಷಮೆ ಯಾರೂ ಕೇಳಲಿಲ್ಲ. ನಾನು ಕೇಳಿದೆ. "ಅಣ್ಣಾ, ತಪ್ಪು ನನ್ನದು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂದಿ ನನ್ನ ಮಕ್ಕಳ ಮುಂದ ಕಳ್ಳ ಅಂದ್ರಲ್ರಿ ಸರ" ಅಂದ್ರು. ಇದಕ್ಕೆ ಯಾವ ಅಪ್‌ಡೇಟ್ ಇದೆ?

*

ಈಗ ಊಟದ ಟೇಬಲ್ಲಿನ ಜಗಳಕ್ಕೆ ಬರೋಣ.

ಲೈಬ್ರರಿ ಪಕ್ಷದವರು ಈ ಕಥೆ ಕೇಳಿ ಚಪ್ಪಾಳೆ ತಟ್ಟಬಹುದು. "ನೋಡಿದ್ಯಾ? ಲೈಬ್ರರಿ ಬಳಸಿದ್ರೆ ಹೀಗಾಗ್ತಿರಲಿಲ್ಲ!" ಒಪ್ಪಿದೆ. ಆ ಚಿಪ್ಪಿನ ಕಂಪನಿ ಕೊಡುವ ಲೈಬ್ರರಿಯಲ್ಲಿ ಆ ಸಾಲು ಸರಿಯಾಗಿಯೇ ಇದೆ, ಗೀಟಿಲ್ಲದೆ. ಅದನ್ನು ಬರೆದವರು ಮ್ಯಾನ್ಯುಯಲ್ ಓದಿದ್ರು. ಆದ್ರೆ ಅದೇ ಲೈಬ್ರರಿಯ ಡಿಲೇ ಫಂಕ್ಷನ್ನನ್ನು ಇಂಟರಪ್ಟಿನೊಳಗೆ ಕರೆದು ನೋಡಿ. ಅದು ಕಾಲ ಎಣಿಸೋದು ಇನ್ನೊಂದು ಇಂಟರಪ್ಟಿನ ಸಹಾಯದಿಂದ. ಆ ಇಂಟರಪ್ಟಿನ ಆದ್ಯತೆ ನಿಮ್ಮದಕ್ಕಿಂತ ಮೇಲಿಲ್ಲದೆ ಹೋದ್ರೆ ಅದು ಬರೋದೇ ಇಲ್ಲ, ನಿಮ್ಮ ಚಿಪ್ ಅಲ್ಲೇ ಶಿಲೆಯಾಗಿ ನಿಲ್ಲುತ್ತೆ. ಬೋರ್ಡ್ ಹ್ಯಾಂಗ್ ಆಯ್ತು ಅಂತ ಚಿಪ್ಪನ್ನು ಬೈಯೋ ಎಷ್ಟು ಜನರನ್ನು ನಾನು ನೋಡಿಲ್ಲ! ಒಳಗೆ ಏನು ನಡೀತಿದೆ ಅಂತ ಗೊತ್ತಿಲ್ಲದೋನಿಗೆ ಲೈಬ್ರರಿ ಒಂದು ಮಂತ್ರ. ಮಂತ್ರ ಫಲಿಸದಿದ್ದಾಗ ಅವನ ಕೈಲಿ ಏನೂ ಇರಲ್ಲ.

ಆರ್ಡುಯಿನೋದ ಡಿಜಿಟಲ್‌ರೈಟ್ ತಗೊಳ್ಳಿ. ಒಂದು ಪಿನ್ ಎತ್ತೋಕೆ ಅದು ಆ ಪಿನ್ನಿನ ಮೇಲೆ ಪಿಡಬ್ಲ್ಯೂಎಂ ಓಡ್ತಿದೆಯಾ ನೋಡಿ ನಿಲ್ಲಿಸುತ್ತೆ, ಯಾವ ಪೋರ್ಟು ಯಾವ ಬಿಟ್ಟು ಅಂತ ಪಟ್ಟಿಯಲ್ಲಿ ಹುಡುಕುತ್ತೆ, ಇಂಟರಪ್ಟುಗಳನ್ನು ಮುಚ್ಚುತ್ತೆ, ಬರೆಯುತ್ತೆ, ಮತ್ತೆ ಹಿಂದಿನ ಸ್ಥಿತಿಗೆ ತರುತ್ತೆ. ಇಷ್ಟಕ್ಕೆ ಕೆಲವು ಮೈಕ್ರೋಸೆಕೆಂಡ್. ನೇರವಾಗಿ ಪೋರ್ಟಿನ ಬಿಟ್ ಎತ್ತಿದರೆ 16 ಮೆಗಾಹರ್ಟ್ಸಿನಲ್ಲಿ ಎರಡು ಸೈಕಲ್, ಅಂದ್ರೆ 125 ನ್ಯಾನೋಸೆಕೆಂಡ್. ದೀಪ ಮಿಣುಕಿಸೋಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಡಿಜಿಟಲ್‌ರೈಟೇ ಒಳ್ಳೇದು, ನೆಮ್ಮದಿ. ಮೋಟರ್ ಕಂಟ್ರೋಲಿಗೆ ಲೆಕ್ಕಕ್ಕಿದೆ. ಯಾವಾಗ ಯಾವುದು ಅಂತ ತೀರ್ಮಾನಿಸೋಕಾದ್ರೂ ಎರಡೂ ಗೊತ್ತಿರಬೇಕಲ್ವಾ?

ಮೀಸೆ ಪಕ್ಷದವರೇ, ನೀವು ನಗಬೇಡಿ. ರಿಜಿಸ್ಟರ್ ಮುಟ್ಟೋದು ಶೌರ್ಯ ಅಲ್ಲ. ನಿಮ್ಮ ಕೋಡಿನಲ್ಲಿ ಒಂದು ಸಲ ಆ ಗೀಟನ್ನು ಹುಡುಕಿ ನೋಡಿ, ಎಲ್ಲಾ ಕಡೆ ಇರುತ್ತೆ. ಮೇನ್ ಲೂಪಿನಲ್ಲಿ ಔಟ್‌ಪುಟ್ ರಿಜಿಸ್ಟರಿಗೆ ಹಾಗೆ ಬರೀತೀರಿ, ಇಂಟರಪ್ಟಿನಲ್ಲೂ ಅದೇ ರಿಜಿಸ್ಟರಿಗೆ ಬರೀತೀರಿ. ಮೇನ್ ಓದಿದ ಮೇಲೆ, ವಾಪಸ್ ಬರೆಯುವ ಮೊದಲು ಇಂಟರಪ್ಟ್ ನುಗ್ಗಿದರೆ? ಅದು ಬದಲಿಸಿದ್ದೆಲ್ಲಾ ಅಳಿಸಿಹೋಯ್ತು. ಇದಕ್ಕೇ ಅಂತ ಆ ಚಿಪ್ಪಿನಲ್ಲಿ ಬಿಎಸ್ಆರ್ಆರ್ ಅನ್ನೋ ರಿಜಿಸ್ಟರ್ ಇದೆ. ಕೆಳಗಿನ 16 ಬಿಟ್ಟು ಎತ್ತೋಕೆ, ಮೇಲಿನ 16 ಇಳಿಸೋಕೆ. ಓದೋ ಗೋಜೇ ಇಲ್ಲ, ಒಂದೇ ಬರವಣಿಗೆ. ಚಿಪ್ ಮಾಡಿದವರಿಗೆ ನಿಮ್ಮ ಕಷ್ಟ ಗೊತ್ತಿತ್ತು, ಔಷಧಿಯನ್ನೂ ಕೊಟ್ಟಿದ್ರು. ನೀವು ಡಬ್ಬಿ ತೆಗೆದು ನೋಡಲಿಲ್ಲ.

"ವೋಲಟೈಲ್ ಅಂತ ಬರೆದಿದೀನಲ್ಲ" ಅನ್ನೋರಿಗೂ ಒಂದು ಮಾತು. 1989ರ ಆನ್ಸಿ ಸಿ ಮಾನದಂಡದಲ್ಲಿ ಬಂದ ಆ ಪದ ಕಂಪೈಲರಿಗೆ ಹೇಳೋದು ಇಷ್ಟೇ: "ಈ ವಿಳಾಸದ ಓದು ಬರಹಗಳನ್ನು ನಿನ್ನ ಜಾಣತನ ತೋರಿಸಿ ಬಿಟ್ಟುಬಿಡಬೇಡ." ಮೂರು ಹೆಜ್ಜೆಯ ಕೆಲಸವನ್ನು ಅದು ಒಂದು ಹೆಜ್ಜೆ ಮಾಡಿಕೊಡಲ್ಲ. ಈ ಗೊಂದಲ ಎಷ್ಟು ಆಳ ಅಂದ್ರೆ, ಸಿ++ ಭಾಷೆಯ 2020ರ ಮಾನದಂಡದಲ್ಲಿ ವೋಲಟೈಲ್ ಮೇಲೆ ಆ ಗೀಟಿನ ಥರದ ಕಾರ್ಯಗಳನ್ನೇ "ಇನ್ನು ಬಳಸಬೇಡಿ" ಅನ್ನೋ ಪಟ್ಟಿಗೆ ಹಾಕಿದ್ರು. ನೋಡೋಕೆ ಒಂದೇ ಕೆಲಸದ ಹಾಗೆ ಕಾಣುತ್ತೆ, ಅಲ್ಲ ಅಂತ. ಚಿಪ್ ಕಂಪನಿಗಳ ಫೈಲುಗಳಲ್ಲೆಲ್ಲಾ ಅದೇ ತುಂಬಿದ್ದರಿಂದ ತಕರಾರು ಬಂತು. 2023ರ ಮಾನದಂಡದ ಹೊತ್ತಿಗೆ ಬಿಟ್ ಕಾರ್ಯಗಳ ಮಟ್ಟಿಗೆ ಆ ಮಾತನ್ನು ಹಿಂದಕ್ಕೆ ತಗೊಂಡ್ರು. ಅಂದ್ರೆ ಭಾಷೆ ನಿಮ್ಮನ್ನು ಕಾಪಾಡಲ್ಲ. ನೀವೇ ನೋಡಿಕೊಳ್ಳಬೇಕು.

ಇನ್ನು ನಮ್ಮ ಕಾಲೇಜುಗಳು. ನನ್ನ ಸಿಟ್ಟಿನ ದೊಡ್ಡ ಪಾಲು ಅಲ್ಲಿಗೇ. 8051 ಲ್ಯಾಬಿನಲ್ಲಿ ನಮಗೆ ರಿಜಿಸ್ಟರ್ ಕಲಿಸಲಿಲ್ಲ ಅನ್ನೋ ಹಾಗಿಲ್ಲ. ಕಲಿಸಿದ್ರು, ಮಗ್ಗಿ ಕಲಿಸಿದ ಹಾಗೆ. 9600 ಬಾಡ್ ಬೇಕಾ? ಟಿಎಚ್1ಗೆ ಎಫ್‌ಡಿ ಹಾಕು. ಯಾಕೆ ಎಫ್‌ಡಿ? "ಎಕ್ಸಾಮಿಗೆ ಅಷ್ಟು ಸಾಕು." ವೈವಾದಲ್ಲೂ ಅದೇ ಕೇಳಿದ್ರು, ಅದೇ ಹೇಳಿದ್ವಿ, ಪಾಸಾದ್ವಿ. ಉತ್ತರ ಹೇಳೋಕೆ ಎರಡು ನಿಮಿಷ ಸಾಕಿತ್ತು ಸ್ವಾಮೀ! 11.0592 ಮೆಗಾಹರ್ಟ್ಸಿನ ಕ್ರಿಸ್ಟಲ್, 12ರಿಂದ ಭಾಗಿಸಿ, ಮತ್ತೆ 32ರಿಂದ ಭಾಗಿಸಿ, 28,800 ಬಂತು. ಅದನ್ನು ಮೂರರಿಂದ ಭಾಗಿಸಿದ್ರೆ 9600. ಟೈಮರ್ ಮೂರು ಎಣಿಸಿ ಉಕ್ಕಬೇಕು ಅಂದ್ರೆ 256ರಲ್ಲಿ ಮೂರು ಕಳೆದು 253ರಿಂದ ಶುರು ಮಾಡಬೇಕು. 253 ಅಂದ್ರೆ ಹೆಕ್ಸಿನಲ್ಲಿ ಎಫ್‌ಡಿ. ಆ ವಿಚಿತ್ರ ಕ್ರಿಸ್ಟಲ್ ಯಾಕೆ ಅನ್ನೋದೂ ಇದರಲ್ಲೇ ಬಂತು: ಭಾಗಾಕಾರ ಶೇಷವಿಲ್ಲದೆ ಹೋಗಲಿ ಅಂತ. ಇದು ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಒಂದು ವರ್ಷದ ಮೇಲೆ. ನಾಲ್ಕು ವರ್ಷದ ಫೀಸು ಯಾತಕ್ಕೆ ಕಟ್ಟಿದ್ದು ಅಂತ ಅಪ್ಪ ಕೇಳಿದ್ರೆ ಏನು ಹೇಳಲಿ?

ಈಗಿನ ಹುಡುಗರು ಎಐ ಕೇಳಿ ಕೋಡ್ ಬರೆಸ್ತಾರೆ. ಬರೆಸಲಿ, ನಾನೂ ಬರೆಸ್ತೀನಿ. ಆದ್ರೆ ಅದು ಕಲಿತಿರೋದು ನಮ್ಮಂಥವರು ಬರೆದು ಎಲ್ಲೆಂದರಲ್ಲಿ ಚೆಲ್ಲಿದ ಕೋಡಿನಿಂದ. ನಮ್ಮ ಗೀಟುಗಳೂ ಅದಕ್ಕೆ ಪಿತ್ರಾರ್ಜಿತವಾಗಿ ಹೋಗಿವೆ. ನಾನು ಕೇಳಿ ನೋಡಿದಾಗ ಒಮ್ಮೆ ಸರಿಯಾಗಿ ಬರೆಯಿತು, ಇನ್ನೊಮ್ಮೆ ಗೀಟು ಹಾಕಿತು. ಎರಡೂ ಸಲ ಅಷ್ಟೇ ಧೈರ್ಯವಾಗಿ ಬರೆಯಿತು ಅನ್ನೋದು ಮಾತ್ರ ಗಮನಿಸಿ.

*

ಹಾಗಾದ್ರೆ ಏನು ಮಾಡಬೇಕು ಅಂತೀರಾ? ನಾನು ಈಗ ಪಾಲಿಸ್ತಿರೋದು ಇಷ್ಟು:

1. ಲೈಬ್ರರಿಯಾಗಲಿ ನೇರವಾಗಲಿ, ಮುಟ್ಟುವ ಪ್ರತಿ ರಿಜಿಸ್ಟರಿನ ಪುಟವನ್ನು ಒಮ್ಮೆ ತೆರೆದು ನೋಡೋದು. ಹೆಸರಲ್ಲ, ಬಿಟ್ಟಿನ ಕೆಳಗಿರುವ ಆ ಪುಟ್ಟ ಅಕ್ಷರಗಳನ್ನು.

2. ಆ ಗೀಟು ಬರೆಯೋ ಮುಂಚೆ ಮೂರು ಪ್ರಶ್ನೆ: ಇದನ್ನು ಓದಿದರೆ ಏನಾಗುತ್ತೆ? ಓದಿದ್ದನ್ನೇ ವಾಪಸ್ ಬರೆದರೆ ಏನಾಗುತ್ತೆ? ಎರಡರ ಮಧ್ಯೆ ಬೇರೆ ಯಾರಾದ್ರೂ ಬಂದರೆ ಏನಾಗುತ್ತೆ?

3. ಲೈಬ್ರರಿ ಬಳಸಿದ್ರೆ, ಆ ಫಂಕ್ಷನ್ನನ್ನು ಒಂದು ಸಲ ತೆರೆದು ಒಳಗಿನ ಕೋಡ್ ಓದೋದು.

4. ಪರೀಕ್ಷೆ ಮಾಡುವಾಗ ಎರಡೂ ನಲ್ಲಿ ಒಟ್ಟಿಗೆ ಬಿಡೋದು. ಇದನ್ನು ನನಗೆ ಕಲಿಸಿದವರು ಎಂಜಿನಿಯರ್ ಅಲ್ಲ.

ಕೊನೆಗೆ ನಿಮ್ಮ ಹತ್ತಿರ ಒಂದು ಕೋರಿಕೆ. ಆ ಕಂಪನಿಯಲ್ಲಿ ನನ್ನ ಜೊತೆ ಡಿಪ್ಲೊಮಾ ಮಾಡಿದ ಹುಡುಗರಿದ್ರು, ಕನ್ನಡ ಮಾಧ್ಯಮದಿಂದ ಬಂದವರು. ಸಾಲ್ಡರಿಂಗ್ ಕೈ ನೋಡಬೇಕು ಅವರದ್ದು! ಆದ್ರೆ ಆ ಸಾವಿರ ಪುಟದ ಇಂಗ್ಲಿಷ್ ಮ್ಯಾನ್ಯುಯಲ್ ಮುಂದೆ ಕೂತರೆ ಮುಖ ಬಾಡ್ತಿತ್ತು. ಒಂದು ಸಂಜೆ ಬೋರ್ಡ್ ಮುಂದೆ ಕೂತು "ಒಂದು ಬರೆದರೆ ಅಳಿಯುತ್ತೆ ಕಣೋ, ಗೇಟಿನ ಕೊರಿಯರ್ ಪುಸ್ತಕ ಇದ್ದ ಹಾಗೆ" ಅಂದೆ. ಐದು ನಿಮಿಷಕ್ಕೆ ಅರ್ಥ ಮಾಡಿಕೊಂಡು, ನನ್ನ ಕೋಡಿನಲ್ಲೇ ಇನ್ನೊಂದು ಅಂಥದೇ ತಪ್ಪು ತೋರಿಸಿದ್ರು :)

ನಾವು ಕನ್ನಡದಲ್ಲಿ ವಿಜ್ಞಾನ ಬರೆಯಬೇಕು ಅಂತ ಬೇಕಾದಷ್ಟು ಚರ್ಚೆ ಮಾಡ್ತೀವಿ. ಚರ್ಚೆ ರಿಜಿಸ್ಟರಿಗೆ ಕನ್ನಡ ಪದ ಯಾವುದು ಅನ್ನೋ ಕಡೆ ತಿರುಗಿ ಅಲ್ಲೇ ಮುಗಿಯುತ್ತೆ. ಪದ ಯಾವುದಾದರೂ ಇರಲಿ ಮಾರಾಯ್ರೇ, ರಿಜಿಸ್ಟರ್ ಅಂತಲೇ ಇರಲಿ. ಅದು ಹೇಗೆ ನಡ್ಕೊಳ್ಳುತ್ತೆ ಅನ್ನೋದನ್ನ ಕನ್ನಡದಲ್ಲಿ ಹೇಳಿ. ನಿಮ್ಮಲ್ಲಿ ಎಷ್ಟೋ ಜನ ನನ್ನ ಹಾಗೇ ಹಗಲು ಕೋಡು, ರಾತ್ರಿ ಕನ್ನಡ ಅಂತ ಬದುಕೋರು. ವಾರಕ್ಕೊಂದು ಕವನದ ಜೊತೆ ತಿಂಗಳಿಗೊಂದು ರಿಜಿಸ್ಟರ್ ಬರೀರಿ. ನೀವು ಮಾಡಿದ ತಪ್ಪುಗಳನ್ನೇ ಬರೀರಿ, ಸಾಧನೆ ಬೇಡ. ನಿಮ್ಮ ತಪ್ಪು ಓದಿ ಇನ್ನೊಬ್ಬ ಒಂದು ಗೀಟು ಅಳಿಸಿದ್ರೆ, ಎಲ್ಲೋ ಒಬ್ಬರು ತಮ್ಮ ಮಕ್ಕಳ ಮುಂದೆ ಕಳ್ಳ ಅನ್ನಿಸಿಕೊಳ್ಳೋದು ತಪ್ಪಬಹುದು.

ಜಗಳಕ್ಕೆ ನಾನು ರೆಡಿ. ಮೀಸೆಯವರೂ ಬನ್ನಿ, ಲೈಬ್ರರಿಯವರೂ ಬನ್ನಿ. ಬರೋ ಮುಂಚೆ ಒಂದೇ ಒಂದು ಕೆಲಸ: ನಿಮ್ಮ ಕೋಡ್ ತೆರೆದು ಆ ಗೀಟನ್ನು ಹುಡುಕಿ, ಎಷ್ಟು ಸಿಕ್ಕವು ಅಂತ ಎಣಿಸಿಕೊಂಡು ಬನ್ನಿ. ನನ್ನದರಲ್ಲಿ 41 ಇದ್ವು.